ವೆಂಡೆಲ್ ಬರೆದ ಎರರ್

ಓರ್ಲಿನ್ ಊರಿನಲ್ಲಿ ವೆಂಡೆಲ್ ಹುಕ್‌ಸ್ಟ್ರಾನ ಕೈಗೆ ತಲೆ ಕೊಡದ ಗಂಡಸಿಲ್ಲ. ನದಿಯ ಕಡೆ ಇಳಿಯುವ ಬೀದಿಯಲ್ಲಿ ಅವನದು ಎರಡು ಕುರ್ಚಿಯ ಕ್ಷೌರದಂಗಡಿ. ಅಪ್ಪ ಕೆಲಸ ಮಾಡುತ್ತಿದ್ದ ಕುರ್ಚಿಯಲ್ಲಿ ಈಗ ಹಳೆಯ ಪತ್ರಿಕೆಗಳು ಕೂತಿವೆ. ಹಗಲು ಅವನ ಕೈಯಲ್ಲಿ ಕತ್ತರಿ, ಬೇಸಿಗೆಯ ಸಂಜೆಗಳಲ್ಲಿ ಪೆನ್ಸಿಲ್. ಊರಿನ ಬೇಸ್‌ಬಾಲ್ ತಂಡ ಹೆರನ್ಸ್ ತನ್ನ ಮೈದಾನದಲ್ಲಿ ಆಡುವಾಗಲೆಲ್ಲ ಗ್ಯಾಲರಿಯ ನೆತ್ತಿಯ ಮೇಲಿನ ಹಲಗೆ ಕೋಣೆಯಲ್ಲಿ ಕೂತು ಆಟದ ಅಧಿಕೃತ ಲೆಕ್ಕ ಬರೆಯುವವನು ಅವನೇ.

ಚೆಂಡು ಹೊಡೆದವನು ಓಡಿ ಮೊದಲ ನಿಲುಗಡೆ, ಅಂದರೆ ಮೊದಲ ಬೇಸ್, ಮುಟ್ಟಿದ. ಹೇಗೆ ಮುಟ್ಟಿದ? ಹೊಡೆತ ಚೆನ್ನಾಗಿದ್ದರಿಂದಲೋ, ಹಿಡಿಯಬೇಕಾದವನು ಕೈಬಿಟ್ಟಿದ್ದರಿಂದಲೋ? ಮೊದಲನೆಯದಾದರೆ ಹಿಟ್, ಎರಡನೆಯದಾದರೆ ಎರರ್. ಓಟ ಎಲ್ಲರ ಕಣ್ಣಿಗೂ ಕಾಣುತ್ತದೆ, ಔಟೋ ಅಲ್ಲವೋ ಎಂಬುದನ್ನು ಅಂಪೈರ್ ಹೇಳುತ್ತಾನೆ. ಹಿಟ್ಟೋ ಎರರೋ ಎಂಬುದನ್ನು ಹೇಳುವವನು ವೆಂಡೆಲ್ ಒಬ್ಬನೇ. ಬೇಕಾದರೆ ಒಂದು ದಿನದೊಳಗೆ ಅವನೇ ತಿದ್ದಬಹುದು, ಆಮೇಲೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಅದನ್ನು ನೋಡಿಯೇ ಹುಡುಗರನ್ನು ಮೇಲಿನ ಲೀಗಿಗೆ ಕರೆಯುತ್ತಾರೆ, ಇಲ್ಲವೇ ಬಸ್ಸು ಹತ್ತಿಸಿ ಮನೆಗೆ ಕಳಿಸುತ್ತಾರೆ.

ಸ್ವಂತ ತಂಗಿಯ ಮಗ ತಂಡದಲ್ಲಿದ್ದ ವರ್ಷ ಅವನ ತಲೆಗೇ ಎಲ್ಲರಿಗಿಂತ ಹೆಚ್ಚು ಎರರ್ ಕಟ್ಟಿದವನು ವೆಂಡೆಲ್. ತಂಗಿ ಎರಡು ಕ್ರಿಸ್‌ಮಸ್ ಮಾತು ಬಿಟ್ಟಳು. ಊರಿಗೆ ಅದೊಂದು ಹೆಮ್ಮೆ. ಅವನಿಗೂ ಹೆಮ್ಮೆಯೇ, ಇಲ್ಲವೆಂದರೆ ಸುಳ್ಳಾಗುತ್ತದೆ. ನೆಟ್ಟಗಿರುವವರಿಗೆ ತಾವು ನೆಟ್ಟಗಿರುವುದು ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂಬ ಚಪಲ ಒಂದಿರುತ್ತದಲ್ಲ, ಅದು ಅವನಿಗೆ ತುಸು ಜಾಸ್ತಿಯೇ ಇತ್ತು.

ಇಂಥ ಚಿಕ್ಕ ತಂಡಗಳಲ್ಲಿ ಆಟಗಾರರಿಗೆ ಸಿಗುವ ಸಂಬಳ ಬಾಡಿಗೆಗೂ ಸಾಲದು. ಹಾಗಾಗಿ ಊರಿನ ಮನೆಗಳು ಬೇಸಿಗೆಗೆ ಒಬ್ಬೊಬ್ಬರನ್ನು ಇಟ್ಟುಕೊಳ್ಳುತ್ತವೆ. ಆ ವರ್ಷ ವೆಂಡೆಲ್‌ನ ಮಹಡಿ ಕೋಣೆಗೆ ಬಂದವನು ಯೇಸೊನ್ ಬಾಟಿಸ್ಟಾ, ಡೊಮಿನಿಕನ್ ನಾಡಿನವನು, ಮೂರನೆಯ ಬೇಸ್ ಕಾಯುವವನು. ವೆಂಡೆಲ್‌ನ ಹೆಂಡತಿ ಆರ್ಡಿತ್‌ಳನ್ನು ಬಂದ ಮೂರನೇ ದಿನಕ್ಕೇ ತನ್ನ ಭಾಷೆಯಲ್ಲಿ ಅಮ್ಮ ಎನ್ನುವ ಹಾಗೆ 'ಮಾಮಿ' ಎಂದು ಕರೆದು, ಅವಳ ಅಡುಗೆಮನೆಯಲ್ಲಿ ಬಾಳೆಕಾಯಿ ಜಜ್ಜಿ ಎರಡೆರಡು ಸಲ ಕರಿದು, ಎಣ್ಣೆ ಚೆಲ್ಲಿ ಬೈಸಿಕೊಂಡವನು. ಜೂನಿನಲ್ಲಿ ಅವನ ಕೈಯಿಂದ ಚೆಂಡುಗಳು ಜಾರತೊಡಗಿದವು. ಇನ್ನೊಂದು ಎರರ್ ಆದರೆ ಜುಲೈ ನಾಲ್ಕರ ಹಬ್ಬ ಮುಗಿದ ಕೂಡಲೇ ಮನೆಗೆ ಹೊರಡು ಎಂದು ತಂಡದ ಮ್ಯಾನೇಜರ್ ಅವನಿಗೆ ಹೇಳಿಯಾಗಿತ್ತು. ಊಟದ ಮೇಜಿನಲ್ಲಿ ಅವನು ಅದನ್ನು ಹೇಳಿದ ರಾತ್ರಿ ಆರ್ಡಿತ್ ತಟ್ಟೆ ಮುಟ್ಟಲಿಲ್ಲ.

ಜುಲೈ ನಾಲ್ಕು, ಸ್ವಾತಂತ್ರ್ಯದ ದಿನ. ಸಂಜೆ ಟ್ಯಾಬರ್‌ವಿಲ್ ತಂಡದ ಜೊತೆ ಆಟ, ಆಟ ಮುಗಿದ ಮೇಲೆ ನದಿಯ ಮೇಲೆ ಬಾಣಬಿರುಸು. ಟ್ಯಾಬರ್‌ವಿಲ್ ನದಿಯ ಮೇಲ್ದಂಡೆಯ ಊರು. ಆ ಊರಿಗೂ ಈ ಊರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ವಿಭಾಗದ ಪಟ್ಟಿಯಲ್ಲಿ ಎರಡೂ ತಂಡ ಮೇಲುತುದಿಯಲ್ಲಿ ಸಮಸಮವಾಗಿ ನಿಂತಿದ್ದವು. ಅವತ್ತು ಹೆರನ್ಸ್ ಪರ ಚೆಂಡೆಸೆಯುವವನು ಗ್ರೇಡಿ ಓಸ್ಟ್‌ಬಿ, ಓರ್ಲಿನ್‌ನಲ್ಲೇ ಹುಟ್ಟಿದವನು. ಹರೆಯದಲ್ಲಿ ದೊಡ್ಡ ಲೀಗಿನ ಬಾಗಿಲ ತನಕ ಹೋಗಿ, ಭುಜ ಕೆಟ್ಟು ವಾಪಸು ಬಂದವನು. ಈ ಬೇಸಿಗೆ ಕಳೆದರೆ ಅವನ ತೋಳು ಮತ್ತೆ ಎಸೆಯುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಅವನ ಅಪ್ಪ ಮೆರ್ಲ್, ದನದ ಮೇವಿನ ಅಂಗಡಿಯವನು, ವೆಂಡೆಲ್‌ನ ಬಾಲ್ಯದ ಗೆಳೆಯ. ಹಬ್ಬದ ಬೆಳಿಗ್ಗೆ ಮೆರವಣಿಗೆಗೆ ಮೊದಲು ಕೂದಲು ಸರಿಮಾಡಿಸಿಕೊಳ್ಳಲು ಬಂದು ಕೂತ. ಬೆಂಚಿನ ಮೇಲೆ ಇನ್ನೂ ನಾಲ್ಕಾರು ಜನ ಕಾಯುತ್ತಿದ್ದರು.

"ನಿಮ್ಮನೆ ಹುಡುಗನ ಕೈ ಹೆಂಗಿದೆಯಪ್ಪಾ?" ಎಂದ ಮೆರ್ಲ್, ಕನ್ನಡಿಯಲ್ಲಿ ಕಣ್ಣು ಮಿಟುಕಿಸುತ್ತ. "ಅವನಿಗೇನು ಯೋಚ್ನೆ ಬಿಡು. ಮನೇಲಿ ಆರ್ಡಿತ್ ಊಟ ಹಾಕ್ತಾಳೆ, ಮೈದಾನದಲ್ಲಿ ನೀನು ಕಾಪಾಡ್ತೀಯ."

ಬೆಂಚು ಬಿದ್ದು ಬಿದ್ದು ನಕ್ಕಿತು. ವೆಂಡೆಲ್ ಕೂಡ ನಕ್ಕ. ನಕ್ಕು, ಮೆರ್ಲ್‌ನ ಕಿವಿಯ ಹಿಂದೆ ಬೇಕಾದ್ದಕ್ಕಿಂತ ಒಂದು ಎಳೆ ಜಾಸ್ತಿ ಕತ್ತರಿಸಿದ.

ಆಟಕ್ಕೆ ಒಂಬತ್ತು ಇನಿಂಗ್ಸ್. ಮೂರನೆಯದರಲ್ಲಿ ಟ್ಯಾಬರ್‌ವಿಲ್‌ನ ದಾಂಡಿಗನೊಬ್ಬ ಮೂರನೆಯ ಬೇಸಿನ ಗೆರೆಗುಂಟ ಬಿರುಸಾಗಿ ಹೊಡೆದ. ಚೆಂಡು ಹುಲ್ಲು ಮುಗಿದು ಮಣ್ಣು ಶುರುವಾಗುವ ಅಂಚಿಗೆ ತಾಗಿ ಚಿಮ್ಮಿ ಯೇಸೊನ್‌ನ ಭುಜಕ್ಕೆ ಬಡಿದು ಪಕ್ಕಕ್ಕೆ ಹಾರಿತು. ಹೊಡೆದವನು ಆರಾಮವಾಗಿ ಮೊದಲ ಬೇಸಿನಲ್ಲಿ ನಿಂತ. ಹಾಗೆ ಚಿಮ್ಮಿದ ಚೆಂಡನ್ನು ಯಾವ ಗಂಡಸೂ ಹಿಡಿಯಲಾರ. ಅದು ಹಿಟ್. ಅದು ಹಿಟ್ಟೆಂದು ವೆಂಡೆಲ್‌ನ ಕಣ್ಣು ಹೇಳಿತು. ಆದರೆ ಕಿವಿಯಲ್ಲಿ ಇನ್ನೂ ಬೆಂಚು ನಗುತ್ತಿತ್ತು.

"ಏನಂತ ಹಾಕ್ಲಿ?" ಎಂದು ರೋಲಂಡ್ ಕೇಳಿದ. ರೋಲಂಡ್ ಪೈಕ್ ಅದೇ ಕೋಣೆಯಲ್ಲಿ ಮೈಕು ಹಿಡಿದು ಆಟಗಾರರ ಹೆಸರು ಕೂಗುವವನು, ಸ್ಕೋರ್‌ಬೋರ್ಡಿನ ಗುಂಡಿ ಒತ್ತುವವನೂ ಅವನೇ.

"ಎರರ್," ಎಂದ ವೆಂಡೆಲ್.

ಬೋರ್ಡಿನಲ್ಲಿ ಎರರ್ ಮೂಡಿತು. ಯೇಸೊನ್ ಒಮ್ಮೆ ತಲೆಯೆತ್ತಿ ಬೋರ್ಡು ನೋಡಿ, ಮತ್ತೆ ಬಗ್ಗಿ ನಿಂತು ಕಾಲಿನಿಂದ ಮಣ್ಣು ಸಮ ಮಾಡಿಕೊಂಡ. ಕೆಳಗೆ ಯಾರೂ ಗೊಣಗಲಿಲ್ಲ. ನೋಡಿದಿರಾ, ತನ್ನ ಮನೆಯವನನ್ನೂ ಬಿಡಲಿಲ್ಲ ವೆಂಡೆಲ್ ಎಂದು ಯಾರೋ ಮೆಚ್ಚಿಕೊಂಡಿರಲೂಬಹುದು. ಅಲ್ಲಿಗೆ ಅದು ಮುಗಿಯಬೇಕಿತ್ತು. ಸಂಜೆ ಇನ್ನೂ ಉದ್ದವಿದೆ, ಮುಂದಿನವನು ಯಾರಾದರೂ ಹೊಡೆಯುತ್ತಾನೆ, ನಾಳೆ ಸದ್ದಿಲ್ಲದೆ ತಿದ್ದಿದರಾಯಿತು ಎಂದುಕೊಂಡ ವೆಂಡೆಲ್.

ಮುಂದಿನವನು ಹೊಡೆಯಲಿಲ್ಲ. ಅವನ ಮುಂದಿನವನೂ ಹೊಡೆಯಲಿಲ್ಲ. ಗ್ರೇಡಿಯ ತೋಳಿಗೆ ಅವತ್ತು ಏನು ಬಂದಿತ್ತೋ, ಚೆಂಡು ದಾಂಡಿನ ಮುಂದೆ ಬಂದು ಮುಳುಗುತ್ತಿತ್ತು. ಐದನೆಯ ಇನಿಂಗ್ಸ್ ಮುಗಿದಾಗ ಟ್ಯಾಬರ್‌ವಿಲ್‌ನ ಹಿಟ್‌ಗಳ ಕಾಲಮಿನಲ್ಲಿ ಸೊನ್ನೆ ಇತ್ತು. ಎದುರಾಳಿಗೆ ಆಟವಿಡೀ ಒಂದೂ ಹಿಟ್ ಕೊಡದಿರುವುದು ಎಸೆಯುವವನ ಬಾಳಿನಲ್ಲಿ ಒಮ್ಮೆ ಆದರೆ ಆಯಿತು. ಓರ್ಲಿನ್‌ನ ಮೈದಾನದಲ್ಲಿ ಅದು ಯಾವತ್ತೂ ಆಗಿರಲಿಲ್ಲ.

ಅಂಥದ್ದು ನಡೆಯುತ್ತಿರುವಾಗ ಅದರ ಹೆಸರೆತ್ತಬಾರದು. ಎತ್ತಿದರೆ ಕೆಡುತ್ತದೆ. ಎಸೆಯುವವನ ಹತ್ತಿರ ಯಾರೂ ಮಾತಾಡಬಾರದು. ಯಾರು ಹೇಗೆ ಕೂತಿದ್ದರೋ ಹಾಗೇ ಕೂತಿರಬೇಕು. ಆರನೆಯ ಇನಿಂಗ್ಸಿಗೆ ಗ್ಯಾಲರಿಯಲ್ಲಿ ಜೋಳದ ತೆನೆ ಕಚ್ಚುವ ಸದ್ದೂ ನಿಂತಿತು. ಮೆರ್ಲ್ ಯಾವುದೋ ಗಳಿಗೆಯಲ್ಲಿ ಭಯಕ್ಕೆ ಟೋಪಿ ಮುಖಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದ್ದ. ಆಗ ಮಗ ಮೂವರನ್ನು ಸಾಲಾಗಿ ಔಟ್ ಮಾಡಿದ. ಅಲ್ಲಿಂದ ಮುಂದೆ ಮೆರ್ಲ್‌ಗೆ ಕಣ್ಣು ಬಿಡುವ ಹಾಗಿಲ್ಲ. ಮೇಲಿನಿಂದ ವೆಂಡೆಲ್‌ಗೆ ಎಲ್ಲ ಕಾಣುತ್ತಿತ್ತು. ಮಗ ಬಾಳಿನ ಆಟ ಆಡುತ್ತಿದ್ದಾನೆ, ಅಪ್ಪ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಕೂತಿದ್ದಾನೆ.

ಮೈದಾನದ ತುಂಬ ಜನ ಕೂತು ಔಟ್ ಆಗಲಿ ಎಂದು ದೇವರನ್ನು ಬೇಡುತ್ತಿದ್ದರೆ, ಓರ್ಲಿನ್‌ನಲ್ಲೇ ಹುಟ್ಟಿ ಬೆಳೆದ ಒಬ್ಬನೇ ಒಬ್ಬ ಮಾತ್ರ, ಟ್ಯಾಬರ್‌ವಿಲ್‌ನ ಯಾವನಾದರೂ ಒಬ್ಬ ಒಂದು ಹಿಟ್ ಹೊಡೆಯಪ್ಪಾ ಎಂದು ಹಲ್ಲು ಕಚ್ಚಿ ಬೇಡುತ್ತಿದ್ದ. ಒಂದು ಶುದ್ಧ ಹಿಟ್ ಬಂದರೆ ಸೊನ್ನೆ ತಾನಾಗಿ ಹೋಗುತ್ತದೆ, ನಾಳೆ ಯೇಸೊನ್‌ನ ಎರರ್ ತಿದ್ದಿದರೆ ಯಾರಿಗೂ ನೋವಿಲ್ಲ. ಒಂದು ಚೆಂಡು ಎತ್ತರಕ್ಕೆ ಹಾರಿದಾಗ ವೆಂಡೆಲ್ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. ಅದು ಬೇಲಿಯ ಹತ್ತಿರ ಒಬ್ಬನ ಕೈಗೆ ಬಿತ್ತು. ಊರು ಉಸಿರು ಬಿಟ್ಟಿತು, ಅವನು ಕೂತ.

ಏಳನೆಯ ಇನಿಂಗ್ಸಿನ ನಡುವೆ ವಾಡಿಕೆಯಂತೆ ಎಲ್ಲರೂ ಎದ್ದು ಮೈಮುರಿದು ಹಾಡುವಾಗ ಆರ್ಡಿತ್ ಮೆಟ್ಟಿಲು ಹತ್ತಿ ಬಂದಳು. ಇಷ್ಟು ವರ್ಷಗಳಲ್ಲಿ ಆಟದ ನಡುವೆ ಅವಳು ಆ ಕೋಣೆಗೆ ಕಾಲಿಟ್ಟವಳಲ್ಲ. ಕಾಗದದ ಲೋಟದಲ್ಲಿ ನಿಂಬೆ ಪಾನಕ ತಂದಿದ್ದಳು, ನೆಪಕ್ಕೆ.

"ವೆಂಡೆಲ್, ಆ ಹುಡುಗ ಬೇರೆಯವರ ಮನೇಲಿ ಉಣ್ತಿದ್ದಿದ್ರೆ, ಆ ಚೆಂಡಿಗೆ ಏನು ಬರೀತಿದ್ದೆ ನೀನು?"

ರೋಲಂಡ್ ಗಾಬರಿಯಾಗಿ ಕೈಯಾಡಿಸಿದ. "ಅಮ್ಮಾ ತಾಯಿ, ಈಗ ಆ ಸುದ್ದಿ ತೆಗೀಬೇಡ."

"ನಾನೇನೂ ತೆಗೀಲಿಲ್ಲ. ಗಂಡನ್ನ ಒಂದು ಮಾತು ಕೇಳ್ದೆ ಅಷ್ಟೇ," ಎಂದವಳು ಲೋಟ ಇಟ್ಟು ಉತ್ತರಕ್ಕೂ ಕಾಯದೆ ಇಳಿದು ಹೋದಳು.

ಉತ್ತರ ಇಬ್ಬರಿಗೂ ಗೊತ್ತಿತ್ತು. ಎಂಟನೆಯ ಇನಿಂಗ್ಸಿನಲ್ಲಿ ವೆಂಡೆಲ್ ಪಾನಕ ಮುಟ್ಟಲಿಲ್ಲ. ಹೆರನ್ಸ್ ಒಂದೇ ಒಂದು ಓಟದಿಂದ ಮುಂದಿತ್ತು. ಗ್ರೇಡಿ ಮತ್ತೆ ಮೂವರನ್ನು ಕಳಿಸಿದ. ಇನ್ನುಳಿದದ್ದು ಒಂದು ಇನಿಂಗ್ಸ್, ಮೂರು ಔಟ್.

ನಿಯಮದಲ್ಲಿ ನಾಳೆಯ ತನಕ ಸಮಯವಿದೆ. ಆದರೆ ಇವತ್ತು ಊರೆಲ್ಲ ಆ ಹುಡುಗನನ್ನು ಹೆಗಲ ಮೇಲೆ ಹೊತ್ತು ಕುಣಿದು, ನಾಳೆ ಮಧ್ಯಾಹ್ನ ತಾನು ಲೀಗಿಗೆ ಫೋನು ಮಾಡಿ ಅದು ಸುಳ್ಳು ಎನ್ನುವುದೇ? ಉಣ್ಣಿಸಿ ಕಕ್ಕಿಸಿದ ಹಾಗೆ. ತಿದ್ದದೆಯೇ ಬಿಡಬಹುದಲ್ಲ ಎಂದೂ ಮನಸ್ಸು ಹೇಳಿತು, ಮೆಲ್ಲಗೆ, ಎರಡು ಸಲ. ಬಿಟ್ಟರೆ ಯೇಸೊನ್ ಬಸ್ಸು ಹತ್ತುತ್ತಾನೆ. ಹತ್ತುವ ಮೊದಲು ಆರ್ಡಿತ್‌ಳನ್ನು ತಬ್ಬಿಕೊಂಡು, ತನಗೂ ಕೈಕೊಟ್ಟು, ಹಿರಿಯರನ್ನು ಕರೆಯುವ ಅವರ ನಾಡಿನ ರೀತಿಯಲ್ಲಿ, ಥ್ಯಾಂಕ್ಸ್ ಡಾನ್ ವೆಂಡೆಲ್ ಎನ್ನುತ್ತಾನೆ. ಅದನ್ನು ನೆನೆದರೇ ವೆಂಡೆಲ್‌ಗೆ ಆಗಲಿಲ್ಲ.

"ರೋಲಂಡ್, ಮೂರನೇ ಇನಿಂಗ್ಸಿನ ಎರರ್ ತೆಗಿ. ಅದು ಹಿಟ್."

ರೋಲಂಡ್ ಮೊದಲು ನಕ್ಕ. ಆಮೇಲೆ ಅವನ ಮುಖ ಬಿಳುಚಿತು. "ತಲೆಗಿಲೆ ಕೆಟ್ಟಿದ್ಯೇನೋ? ಗ್ರೇಡಿ ಕಣೋ ಅಲ್ಲಿ ನಿಂತಿರೋದು. ನಾಳೆ ನಿನ್ನ ಅಂಗಡಿಗೆ ನಾಯಿನೂ ಬರಲ್ಲ."

"ತೆಗಿ."

"ನನ್ ಕೈಲಾಗಲ್ಲ. ಬೇಕಾದ್ರೆ ನೀನೇ ಒತ್ಕೋ."

ವೆಂಡೆಲ್ ಬಗ್ಗಿ ತಾನೇ ಗುಂಡಿ ಒತ್ತಿದ. ಸಂಜೆಗಪ್ಪಿನಲ್ಲಿ ಬೋರ್ಡಿನ ಸೊನ್ನೆ ಹೋಗಿ ಒಂದು ಬಂತು. ಮೈಕಿನಲ್ಲಿ ಹೇಳುವುದು ರೋಲಂಡ್‌ನ ಕೆಲಸ. ಸಾವಿನ ಸುದ್ದಿ ಓದುವವನ ದನಿಯಲ್ಲಿ, ಮೂರನೆಯ ಇನಿಂಗ್ಸಿನ ತೀರ್ಪು ಬದಲಾಗಿದೆ, ಅದು ಹಿಟ್ ಎಂದು ಹೇಳಿ ಮೈಕು ಆರಿಸಿದ.

ಜನಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಂದ ಕೂಗು ಹಲಗೆ ಕೋಣೆಯ ಕಿಟಕಿಯನ್ನು ಅದುರಿಸಿತು. ಎಸೆದ ಲೋಟಗಳು ಗೋಡೆಗೆ ಬಡಿದವು. ಟ್ಯಾಬರ್‌ವಿಲ್‌ನವರು ಮಾತ್ರ ಗಂಟೆ ಬಾರಿಸಿ ಕುಣಿದರು, ಅದು ಊರನ್ನು ಇನ್ನೂ ಉರಿಸಿತು. ವೆಂಡೆಲ್ ಕೆಳಗೆ ಮೆರ್ಲ್‌ನನ್ನು ನೋಡಿದ. ಮೆರ್ಲ್ ಮುಖದ ಮೇಲಿನ ಟೋಪಿ ತೆಗೆದಿದ್ದ. ಕಾಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಬೋರ್ಡು ನೋಡಿದ, ತಿರುಗಿ ಮೇಲಿನ ಕೋಣೆ ನೋಡಿದ, ಆಮೇಲೆ ಮಗನ ಕಡೆ ನೋಡಿದ.

ಗ್ರೇಡಿ ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತಿದ್ದ. ಎಂಟು ಇನಿಂಗ್ಸ್ ಅವನ ತೋಳನ್ನು ಎತ್ತಿ ಹಿಡಿದಿದ್ದ ಅದೇನೋ ಒಂದು ಆಗ ಅವನನ್ನು ಬಿಟ್ಟುಹೋಯಿತು. ಮೊದಲ ಚೆಂಡು ನೆಲ ಕಚ್ಚಿತು. ಮೊದಲಿಗನಿಗೆ ಸಾಲಾಗಿ ದಾರಿತಪ್ಪಿದ ಚೆಂಡುಗಳನ್ನೇ ಎಸೆದು ಬೇಸ್ ಬಿಟ್ಟುಕೊಟ್ಟ. ಎರಡನೆಯವನು ನೇರವಾಗಿ ನಡುಮೈದಾನಕ್ಕೆ ಹೊಡೆದ. ವೆಂಡೆಲ್ ಸಂಜೆಯೆಲ್ಲ ಬೇಡಿದ ಶುದ್ಧ ಹಿಟ್ ಈಗ ಬಂತು. ಮ್ಯಾನೇಜರ್ ನಡೆದು ಬಂದು ಕೈಚಾಚಿದ, ಗ್ರೇಡಿ ಚೆಂಡು ಅವನ ಕೈಗೆ ಹಾಕಿ ತಲೆ ತಗ್ಗಿಸಿ ಹೊರಟ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೆರ್ಲ್ ಕೂತೇ ಇದ್ದ.

ಅವನ ಜಾಗಕ್ಕೆ ಬಂದವನು ಒಬ್ಬನನ್ನು ಔಟ್ ಮಾಡಿದ. ಮುಂದಿನವನ ಹೊಡೆತ ಮತ್ತೆ ಅದೇ ಗೆರೆಗುಂಟ, ಅದೇ ಬಿರುಸಿನಲ್ಲಿ ಬಂತು. ಈ ಸಲ ಹುಲ್ಲಿನಂಚಿಗೆ ತಾಗಲಿಲ್ಲ. ಯೇಸೊನ್ ಮಂಡಿಯೂರಿ ಚೆಂಡು ಹಿಡಿದು, ಮೂರನೆಯ ಬೇಸ್ ತುಳಿದು, ಮೊದಲನೆಯದಕ್ಕೆ ಎಸೆದ. ಮೂರನೆಯ ಬೇಸಿಗೆ ಓಡಿ ಬರುತ್ತಿದ್ದವನು, ಚೆಂಡು ಹೊಡೆದವನು, ಇಬ್ಬರೂ ಔಟ್. ಹೆರನ್ಸ್ ಗೆದ್ದಿತು, ಪಟ್ಟಿಯ ತುದಿ ಓರ್ಲಿನ್‌ನದಾಯಿತು. ನದಿಯ ಮೇಲೆ ಬಾಣಬಿರುಸು ಶುರುವಾದಾಗ ವೆಂಡೆಲ್ ಹಿಂದಿನ ಮೆಟ್ಟಿಲಿನಿಂದ ಇಳಿದು ಕಾರಿನಲ್ಲಿ ಕೂತಿದ್ದ. ಆರ್ಡಿತ್ ಪಕ್ಕದಲ್ಲಿ ಕೂತು ಅವನ ಮಂಡಿಯ ಮೇಲೆ ಕೈ ಇಟ್ಟಳು.

ಯೇಸೊನ್ ತಂಡದಲ್ಲೇ ಉಳಿದ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಕೇಳದೆಯೇ ಮನೆ ಮುಂದಿನ ಹುಲ್ಲು ಕತ್ತರಿಸಿದ. ಅಂಗಡಿಗೆ ಮಾತ್ರ ಆ ವಾರ ಯಾರೂ ಬರಲಿಲ್ಲ. ರೋಲಂಡ್ ಹೇಳಿದ್ದು ಸುಳ್ಳಾಗಲಿಲ್ಲ. ವೆಂಡೆಲ್ ದಿನಾ ಬಾಗಿಲು ತೆಗೆದು, ಕತ್ತರಿ ಒರೆಸಿ, ಅಪ್ಪನ ಕುರ್ಚಿಯ ಪತ್ರಿಕೆಗಳನ್ನು ಜೋಡಿಸಿ, ಮತ್ತೆ ಬಾಗಿಲು ಹಾಕುತ್ತಿದ್ದ.

ಮುಂದಿನ ವಾರ ಮೆರ್ಲ್ ಬಂದ. ಎಂದಿನ ಕುರ್ಚಿಯಲ್ಲಿ ಕೂತ. ವೆಂಡೆಲ್ ಬಟ್ಟೆ ಹೊದಿಸಿ ಕೆಲಸ ಶುರುಮಾಡಿದ. ಒಂದು ಕಡೆ ಮುಗಿಯಿತು, ಇನ್ನೊಂದು ಕಡೆ ಅರ್ಧವಾಯಿತು. ಹೇಳಲು ಇದ್ದದ್ದನ್ನು ವೆಂಡೆಲ್ ಒಂದು ವಾರದಿಂದ ಜೋಡಿಸಿಟ್ಟುಕೊಂಡಿದ್ದ. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ:

"ಅದು ಹಿಟ್ಟೇ ಆಗಿತ್ತು ಮೆರ್ಲ್."

"ನಂಗೊತ್ತು. ನಾನೂ ನೋಡ್ದೆ. ಮೂರನೇ ಇನಿಂಗ್ಸಲ್ಲಿ ನನ್ ಕಣ್ಣು ತೆರೆದೇ ಇತ್ತು."

ಕತ್ತರಿ ನಿಂತಿತು.

"ನೀನು ಕಿತ್ಕೊಂಡಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣಯ್ಯಾ," ಎಂದ ಮೆರ್ಲ್. ಕನ್ನಡಿಯಲ್ಲಿ ವೆಂಡೆಲ್‌ನ ಮುಖ ನೋಡಲಿಲ್ಲ, ತನ್ನ ಮುಖವನ್ನೂ ನೋಡಲಿಲ್ಲ. "ಅವತ್ತು ಆಗಲೇ ಹಿಟ್ ಅಂತ ಹೇಳಿದ್ದಿದ್ರೆ ನಾನು ಟೋಪಿ ಮುಚ್ಕೊತಿರ್ಲಿಲ್ಲ. ಅವನು ಚೆನ್ನಾಗಿ ಎಸೆದಿದ್ದಷ್ಟೂ ನಾನು ನೋಡ್ಲಿಲ್ಲ. ಕಣ್ಣು ಬಿಟ್ಟಾಗ ಕಂಡಿದ್ದು ಅವನು ಚೆಂಡು ಕೊಟ್ಟು ಹೋಗೋದು. ಇನ್ನು ಅವನು ಹಾಗೆ ಎಸೆಯಲ್ಲ ವೆಂಡೆಲ್."

ನಿನ್ನ ನಗೆಮಾತೇ ಇದಕ್ಕೆಲ್ಲ ಮೂಲ ಎನ್ನಬಹುದಿತ್ತು. ವೆಂಡೆಲ್ ಎನ್ನಲಿಲ್ಲ. ಉಳಿದ ಅರ್ಧವನ್ನೂ ಮುಗಿಸಿ, ಬಟ್ಟೆ ಕೊಡವಿದ. ಆಮೇಲೆ ಅಪ್ಪನ ಕುರ್ಚಿಯ ಮೇಲಿನ ಪತ್ರಿಕೆಗಳನ್ನು ನೆಲಕ್ಕಿಳಿಸಿ, ಅದನ್ನು ಮೆರ್ಲ್‌ನ ಕುರ್ಚಿಯ ಹತ್ತಿರಕ್ಕೆ ತಿರುಗಿಸಿ ಕೂತ. ಮೆರ್ಲ್ ಟೋಪಿ ಮುಚ್ಚಿಕೊಂಡ ಗಳಿಗೆಯಿಂದ ಎಂಟನೆಯ ಇನಿಂಗ್ಸಿನ ತನಕ ಗ್ರೇಡಿ ಯಾರ್ಯಾರಿಗೆ ಹೇಗೆ ಹೇಗೆ ಎಸೆದ ಎಂಬುದನ್ನು, ಒಂದು ಚೆಂಡೂ ಬಿಡದೆ, ಹೇಳತೊಡಗಿದ. ಮೆರ್ಲ್ ಕಣ್ಣು ಮುಚ್ಚಿಕೊಂಡು ಕೇಳಿದ.