ಫೀಡರ್ ಮೂರರಲ್ಲಿ ಯಾರೂ ಇಲ್ಲ

ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ನಮ್ಮ ಕಡೆ ಎಲ್ಲರೂ ಫ್ಯಾನ್ ಅನ್ನುತ್ತಾರೆ. ಆ ಫ್ಯಾನುಗಳ ಕರೆಂಟು ಬಂದು ಸೇರುವ ಸಬ್‌ಸ್ಟೇಷನ್‌ನಲ್ಲಿ ನಾನು ಆಪರೇಟರ್. ಹರಪನಹಳ್ಳಿಯಿಂದ ಸ್ಕೂಟಿಯಲ್ಲಿ ಅರ್ಧ ತಾಸಿನ ದಾರಿ. ಎಲ್ಲವನ್ನೂ ಪರದೆಯ ಮೇಲೆ ನೋಡುತ್ತ ನಮಗೆ ಆರ್ಡರ್ ಕೊಡುವ ಕಂಟ್ರೋಲ್ ರೂಮು ಎಲ್ಲೋ ದೂರದ ನಗರದಲ್ಲಿದೆ. ಫ್ಯಾನುಗಳ ಒಡೆಯರಾದ ದೊಡ್ಡ ಕಂಪನಿ ಅದನ್ನು ನಡೆಸುವ ಗುತ್ತಿಗೆಯನ್ನು ಮತ್ತೊಂದು ಕಂಪನಿಗೆ ಕೊಟ್ಟಿದೆ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಇನ್ಯಾರೋ. ಅವರ ದನಿಯನ್ನೂ ನಾನು ಕೇಳಿಲ್ಲ.

ಲೈನ್ ಮೇಲೆ ಕೆಲಸವಿದ್ದರೆ ಲೈನ್‌ಮನ್ ಮೊದಲು ನಮ್ಮಲ್ಲಿಗೆ ಬಂದು 'ಲೈನ್ ಕ್ಲಿಯರ್' ತೆಗೆದುಕೊಳ್ಳಬೇಕು. ಅಂದರೆ ನಾವು ಆ ಲೈನ್ ಬಂದ್ ಮಾಡಿ, ಅವನು ಕಂಬದಿಂದ ಇಳಿದು ಬಂದು ಮುಗಿಯಿತು ಅನ್ನುವವರೆಗೆ ಕರೆಂಟು ಬಿಡುವುದಿಲ್ಲವೆಂದು ಮಾತು ಕೊಡುವುದು. ಹಿಂದೆ ಅದಕ್ಕೊಂದು ಪುಸ್ತಕವಿತ್ತು, ಸ್ವಿಚ್ಚಿಗೆ ನೇತುಹಾಕುವ ಕೆಂಪು ತಗಡಿತ್ತು. ಕಂಪ್ಯೂಟರ್ ಬಂದ ಮೇಲೆ ಎರಡನ್ನೂ ತೆಗೆಸಿದರು; ಈಗ ಲೈನ್‌ಮನ್ ಹೆಸರು ಅದರ ಪಟ್ಟಿಯಲ್ಲಿ ಮಾತ್ರ.

ಆಷಾಢದ ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ನಾನು ಎರಡು ಗಂಟೆಯ ಪಾಳಿಗೆ ಹೋದೆ. ಬೆಳಗಿನ ಪಾಳಿಯವರು ಗೇಟಿನಲ್ಲೇ ಸಿಕ್ಕರು. ಹಡಗಲಿಯಲ್ಲಿ ಅವರ ತಾಯಿಗೆ ಹುಷಾರಿರಲಿಲ್ಲ, ಬಸ್ಸಿಗೆ ಓಡುವ ಅವಸರದಲ್ಲಿದ್ದರು.

"ಹನ್ನೊಂದರಿಂದ ಸಿಸ್ಟಂ ಸತ್ತು ಹೋಗಿತ್ರಿ. ಈಗ ಬಂದೈತಿ. ಎಲ್ಲಾ ಅದರಾಗ ಐತಿ, ನೋಡ್ಕೊಳ್ರಿ," ಎಂದು ಹೊರಟೇಬಿಟ್ಟರು.

ಒಳಗೆ ಹೋಗಿ ಕೂತೆ. ಪರದೆಯಲ್ಲಿ ಮೂರನೆಯ ಫೀಡರ್, ಅಂದರೆ ಹನ್ನೊಂದು ಫ್ಯಾನುಗಳ ಕರೆಂಟು ತರುವ ಲೈನು, ಬಂದ್ ಎಂದಿತ್ತು. ಯಾಕೆ ಎಂದು ನೋಡಿದರೆ ಲೈನ್ ಕ್ಲಿಯರ್ ಪಟ್ಟಿ ಖಾಲಿ. ಅಷ್ಟರಲ್ಲಿ ಕಂಟ್ರೋಲ್ ರೂಮಿನಿಂದ ಫೋನ್ ಬಂತು. ಹೊಸ ದನಿ, ಬೆಂಗಳೂರು ಕಡೆಯ ಮಾತು.

"ಮೇಡಂ, ಫೀಡರ್ ಮೂರು ಯಾಕೆ ಆಫ್ ಇದೆ? ಇಷ್ಟು ಗಾಳಿ ಇದೆ, ಹನ್ನೊಂದು ಮಷಿನ್ ಸುಮ್ನೆ ನಿಂತಿವೆ. ಚಾರ್ಜ್ ಮಾಡಿ, ಕರೆಂಟು ಬಿಡಿ."

"ಯಾರಾದ್ರೂ ಲೈನ್ ಮ್ಯಾಲ ಅದಾರೇನೋ ನೋಡ್ಬೇಕ್ರಿ."

"ಯಾರೂ ಇಲ್ಲ ಮೇಡಂ. ನನ್ನ ಸ್ಕ್ರೀನಲ್ಲೂ ಇಲ್ಲ, ನಿಮ್ಮ ಸ್ಕ್ರೀನಲ್ಲೂ ಇಲ್ಲ."

ಅವರು ಹೇಳಿದ್ದು ಸರಿಯೇ ಇತ್ತು. ನಾನು ಎದ್ದು ಸ್ವಿಚ್ಚಿನ ಪ್ಯಾನೆಲ್ ಹತ್ತಿರ ನಡೆದೆ. ಬಾಗಿಲ ಪಕ್ಕದ ಗೋಡೆಗೆ ಅರ್ತ್ ರಾಡುಗಳನ್ನು ತೂಗುಹಾಕುತ್ತೇವೆ. ಬಂದ್ ಆದ ತಂತಿಯನ್ನು ನೆಲಕ್ಕೆ ಜೋಡಿಸಿಟ್ಟರೆ, ಅಕಸ್ಮಾತ್ ಕರೆಂಟು ಬಂದರೂ ಮೇಲಿದ್ದವನು ಉಳಿಯಲಿ ಎಂದು ಲೈನ್‌ಮನ್‌ಗಳು ಒಯ್ಯುವ ಉದ್ದನೆಯ ಕೋಲುಗಳು ಅವು. ಒಂದು ಜೊತೆಯ ಜಾಗ ಖಾಲಿ ಇತ್ತು.

ಬೆಳಗಿನ ಪಾಳಿಯವರಿಗೆ ಫೋನ್ ಹಚ್ಚಿದರೆ ತಾಗಲಿಲ್ಲ. ನಮ್ಮ ಲೈನ್‌ಮನ್ ಹರಪನಹಳ್ಳಿ ಪೇಟೆಯವರು, ನನ್ನ ತಂದೆಯ ವಯಸ್ಸು, ನಾನು ಚಾಚಾ ಅನ್ನುತ್ತೇನೆ. ಅವರ ಫೋನೂ ತಾಗಲಿಲ್ಲ. ಗುಡ್ಡದ ಆಚೆ ಇಳಿಜಾರಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ರಾಡು ಇಲ್ಲದ್ದನ್ನು ಕಂಟ್ರೋಲ್ ರೂಮಿನವರಿಗೆ ಹೇಳಿದೆ. ಅವರು ರೇಗಿದರು. "ಕೋಲು ಇಲ್ಲ ಅಂತ ಲೈನ್ ನಿಲ್ಲಿಸೋಕಾಗುತ್ತಾ? ಮೇಲಿನವರು ನನ್ನ ತಲೆ ತಿಂತಿದ್ದಾರೆ. ನೀವು ಮಾಡದಿದ್ರೆ ನಾನೇ ಇಲ್ಲಿಂದ ಹಾಕ್ತೀನಿ."

ಅವರಿಗೆ ಆ ಅಧಿಕಾರವಿತ್ತು. ಒಂದು ಗುಂಡಿ ಒತ್ತಿದರೆ ಸಾಕು. ರಿಸೀವರನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಪ್ಯಾನೆಲ್‌ಗೆ ಓಡಿದೆ. ಅದರ ಕೀಲಿಯನ್ನು 'ಲೋಕಲ್' ಕಡೆ ತಿರುಗಿಸಿದರೆ ದೂರದಿಂದ ಯಾರೂ ಆ ಸ್ವಿಚ್ ಮುಟ್ಟುವಂತಿಲ್ಲ. ಅವಸರದಲ್ಲಿ ಕೀಲಿ ಜಾರಿತು. ಎರಡನೆಯ ಸಲಕ್ಕೆ ತಿರುಗಿತು. ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಮೇಜಿನ ಮೇಲಿನ ಫೋನಿನಿಂದ "ಮೇಡಂ, ಏನ್ ಮಾಡಿದ್ರಿ? ಮೇಡಂ!" ಎಂಬ ಕೂಗು ಬರುತ್ತಲೇ ಇತ್ತು.

ಕಾವಲಿನವನಿಗೆ ಯಾರನ್ನೂ ಒಳಗೆ ಬಿಡಬೇಡವೆಂದು ಹೇಳಿ ಸ್ಕೂಟಿ ಹತ್ತಿದೆ. ಲೈನಿನ ಕೆಳಗಿನ ಕಚ್ಚಾ ರಸ್ತೆಯಲ್ಲೇ ಹೋದೆ. ಗಾಳಿ ಸ್ಕೂಟಿಯನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಏಳನೆಯ ಫ್ಯಾನಿನ ಬುಡದಲ್ಲಿ ಚಾಚಾನ ಬೈಕ್ ಕಂಡಿತು. ತಲೆ ಎತ್ತಿದೆ. ಅವರು ಕಂಬದ ಮೇಲೆ, ಒಂದು ಕೈಯಲ್ಲಿ ತಂತಿ ಹಿಡಿದು ನಟ್ಟು ಬಿಗಿಯುತ್ತಿದ್ದರು. ಅರ್ತ್ ರಾಡುಗಳೆರಡನ್ನೂ ಬಿಚ್ಚಿ ಬೈಕಿಗೆ ಕಟ್ಟಿದ್ದರು.

"ಚಾಚಾ, ಇಳೀರಿ!" ಎಂದು ಕೂಗಿದೆ.

"ಆತು ತಂಗಿ, ಒಂದ್ ನಟ್ಟು ಐತಿ."

"ಮೊದ್ಲು ಇಳೀರಿ ಅಂದ್ನೆಲ್ಲ!"

ಇಳಿದರು. ನಡೆದದ್ದನ್ನು ಹೇಳಿದೆ. ಬೆಳಿಗ್ಗೆ ಹತ್ತಕ್ಕೆ ಲೈನ್ ಕ್ಲಿಯರ್ ತಗೊಂಡು, ಕೆಲಸ ಮುಗಿಸಿ ರಾಡು ಕಟ್ಟಿದ ಮೇಲೆ ಒಂದು ನಟ್ಟು ಸಡಿಲ ಕಂಡು ಮತ್ತೆ ಹತ್ತಿದ್ದರಂತೆ. ಎರಡು ನಿಮಿಷದ ಕೆಲಸಕ್ಕೆ ಮತ್ತೆ ಯಾರು ರಾಡು ಹಾಕಬೇಕು ಅಂದುಕೊಂಡಿದ್ದರು. ಕಲ್ಲಿನ ಮೇಲೆ ಕೂತು ಕೈಗವಸು ಬಿಚ್ಚಿದರು. ಆಮೇಲೆ, "ತಪ್ಪು ನಂದೂ ಐತಿ. ಆದ್ರ ನನ್ನ ಹೆಸರು ಹೆಂಗ ಹೋತು ತಂಗಿ? ನನ್ನ ಕಣ್ಣೆದುರಿಗೇ ಅವ್ರು ಕಂಪ್ಯೂಟರ್‌ನ್ಯಾಗ ಹೊಡದಿದ್ರಲ್ಲ," ಅಂದರು.

ಹೇಗೆ ಹೋಯಿತೆಂದು ತಿಳಿಯಲು ಎರಡು ವಾರ ಬೇಕಾಯಿತು. ಕಂಪ್ಯೂಟರ್ ಕೆಟ್ಟಾಗ ಆ ಇನ್ಯಾರೋ ಕಂಪನಿಯವರು ಹಿಂದಿನ ದಿನದ ಪ್ರತಿಯನ್ನು ತಂದು ಕೂರಿಸಿದ್ದರು. ಅವತ್ತು ಬೆಳಿಗ್ಗೆ ಬರೆದದ್ದೆಲ್ಲ ಅದರಲ್ಲಿ ಇರಲೇ ಇಲ್ಲ. ಯಾರಿಗೂ ಅದನ್ನು ಹೇಳಿರಲಿಲ್ಲ. ಒಪ್ಪಂದದ ಸಮಯದೊಳಗೆ ಪರದೆ ಮರಳಿ ಬಂದಿದ್ದರಿಂದ ವರದಿಯಲ್ಲಿ ಕೆಲಸ ಯಶಸ್ವಿ ಎಂದೇ ಬರೆದಿದ್ದರು. ಸ್ಟೇಷನ್ ಬಿಟ್ಟು ಹೋದದ್ದಕ್ಕೆ ನನಗೆ ನೋಟಿಸ್ ಬಂತು. ಉತ್ತರ ಬರೆದೆ. ಅದಕ್ಕೆ ಇವತ್ತಿನವರೆಗೂ ಮರು ಉತ್ತರವಿಲ್ಲ.

ಅವತ್ತು ಸಂಜೆ ಆರಕ್ಕೆ ಕಂಟ್ರೋಲ್ ರೂಮಿನ ಅದೇ ದನಿ ನನ್ನ ಸ್ವಂತ ನಂಬರಿಗೆ ಫೋನ್ ಮಾಡಿತು. ನಾನು ಬಯ್ಯಬೇಕೆಂದೇ ಎತ್ತಿದೆ.

"ಮೇಡಂ, ಲೈನ್ ಮೇಲೆ ಯಾರಾದ್ರೂ ಇದ್ರಾ?"

"ಇದ್ರು."

ಅವರು, "ಗುಂಡಿ ಒತ್ತಿದ್ದೆ ಮೇಡಂ. ಹೋಗಲಿಲ್ಲ. ಲೋಕಲ್ ಅಂತ ಬಂತು," ಅಂದರು.

ಬಯ್ಯದೆ ಫೋನ್ ಇಟ್ಟೆ. ಚಾಚಾನಿಗೆ ಇದನ್ನು ನಾನು ಈವರೆಗೂ ಹೇಳಿಲ್ಲ.