ಇಸ್ಪೀಟು ಹಂಚುತ್ತಿದ್ದ ಅಕ್ಕ

ಮೊನ್ನೆ ಬೆಳಗಾವಿಯ ಶಿವಬಸವ ನಗರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಹುಡುಗಿಯ ಕಡೆಯವರು ನಮ್ಮ ಖಾನಾಪುರದವರು. ಕಲ್ಯಾಣ ಮಂಟಪ ಹೊಸದು. ಕಿಟಕಿಗಳನ್ನೆಲ್ಲ ಮುಚ್ಚಿ ಎ.ಸಿ. ಹಾಕಿದ್ದರು. ಒಳಗೆ ಕಾಲಿಟ್ಟೊಡನೆ ಒಂದು ವಾಸನೆ ಬಂತು... ಹೊಸ ಕಾರ್ಪೆಟ್ಟಿನದು, ಅದರ ಮೇಲೆ ಸಿಂಪಡಿಸಿದ ಸಿಹಿ ಸೆಂಟಿನದು, ಎರಡರ ಅಡಿಯಲ್ಲಿ ಯಾರದೋ ಅಂಗಿಗೆ ಅಂಟಿ ಬಂದ ಸಿಗರೇಟಿನದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿದ್ದವರು ‘ಮುಂದ ನಡೀರಿ’ ಎಂದಾಗಲೇ ಎಚ್ಚರವಾದದ್ದು.

ಆ ವಾಸನೆಯನ್ನು ನಾನು ಅದಕ್ಕೂ ಮೊದಲು ಕಂಡದ್ದು ಒಂದೇ ಕಡೆ. ಪಣಜಿಯಲ್ಲಿ, ಮಾಂಡವಿ ನದಿಯ ನಡುವೆ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗಿನೊಳಗೆ. ಬಾಜೂಮನೆ ಅಕ್ಕನನ್ನು ನಾನು ಅಲ್ಲಿ ಕಂಡಿದ್ದೆ.

ಖಾನಾಪುರದಲ್ಲಿ ನಮ್ಮ ತವರುಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಸಿಡಿದರೆ ನಮಗೆ ಸೀನು. ಅಕ್ಕ ನನಗಿಂತ ಸ್ವಲ್ಪ ದೊಡ್ಡವಳು. ತಾಯಿ ಬೇಗ ಹೋಗಿದ್ದರಿಂದ ತಮ್ಮನನ್ನು ಬೆಳೆಸಿದವಳೂ ಅವಳೇ. ಅವರ ಅಪ್ಪ ಸಹಕಾರಿ ಸಂಘದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹಣೆ ತುಂಬ ಈಬತ್ತಿ, ಸಂಜೆಯಾದರೆ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಶರಣರ ಮಾತು. ಯಾರಾದರೂ ಹೊಸಬರು ಬಂದರೆ ಅವರು ಹೆಸರು ಕೇಳುತ್ತಿರಲಿಲ್ಲ. ‘ಏನ್ ಕಾಯಕ ಮಾಡ್ತೀರಿ?’ ಎಂದೇ ಕೇಳುತ್ತಿದ್ದರು.

ಅಕ್ಕ ಹರಳಿನ ಆಟದಲ್ಲಿ ಎತ್ತಿದ ಕೈ. ಐದು ಕಲ್ಲುಗಳನ್ನು ಎಸೆದು ಹಿಡಿಯುವಾಗ ಅವಳ ಬೆರಳುಗಳು ನಮಗೆ ಕಾಣುತ್ತಲೇ ಇರಲಿಲ್ಲ. ನಾಗರಪಂಚಮಿಯಲ್ಲಿ ಗಂಡಸರು ನಿಂಬೆಹಣ್ಣು ಎಸೆಯುವ ಪಂಥ ಕಟ್ಟಿದರೆ, ನಾವು ಹುಡುಗಿಯರು ಹುಣಸೆಬೀಜ ಪಣಕ್ಕಿಟ್ಟು ಆಡುತ್ತಿದ್ದೆವು. ಗೆದ್ದ ಬೀಜಗಳನ್ನೆಲ್ಲ ಅಕ್ಕ ಆಟ ಮುಗಿದ ಮೇಲೆ ಸಮನಾಗಿ ಹಂಚಿಬಿಡುತ್ತಿದ್ದಳು. ಬೆಳಗಾವಿಯಲ್ಲಿ ಹೋಟೆಲ್ ಕೆಲಸದ ಕೋರ್ಸ್ ಮಾಡಿ ಗೋವಾಕ್ಕೆ ಹೋದಳು. ‘ಹೊಟೇಲಿನ್ಯಾಗ ಲೆಕ್ಕಾ ನೋಡತೀನಿ’ ಎಂದು ಅಪ್ಪನಿಗೆ ಹೇಳಿದ್ದಳು. ವರ್ಷಕ್ಕೊಮ್ಮೆ ಪಂಚಮಿಗೆ ಬರುತ್ತಿದ್ದಳು. ಮನೆಗೆ ಹೊಸ ಹೆಂಚು ಬಂತು, ತಮ್ಮ ಕಾಲೇಜಿಗೆ ಹೋದ. ಅಪ್ಪ ಕಟ್ಟೆಯ ಮೇಲೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ನನ್ನನ್ನು ಖಾನಾಪುರದಲ್ಲೇ ಕೊಟ್ಟಿದ್ದರು. ನನ್ನ ಯಜಮಾನರದು ಬಣ್ಣದ ಅಂಗಡಿ. ಮದುವೆಯಾದ ಸ್ವಲ್ಪ ಕಾಲಕ್ಕೆ ಬಣ್ಣದ ಕಂಪನಿಯವರು ಚೆನ್ನಾಗಿ ಮಾರಾಟ ಮಾಡಿದ ಅಂಗಡಿಯವರನ್ನೆಲ್ಲ ಹೆಂಡತಿಯರ ಸಮೇತ ಗೋವಾ ಪ್ರವಾಸಕ್ಕೆ ಕರೆದೊಯ್ದರು. ಆಷಾಢದ ಮಳೆ. ಜಾಂಬೋಟಿ ದಾಟಿದ ಮೇಲೆ ಬಸ್ಸಿನ ಗಾಜಿನಾಚೆ ಏನೂ ಕಾಣಲಿಲ್ಲ. ಕಣಕುಂಬಿಯಲ್ಲಿ ಚಹಾಕ್ಕೆ ಇಳಿದಾಗ ಗಂಡಸರೆಲ್ಲ ಒಂದೇ ಮಾತು ಆಡುತ್ತಿದ್ದರು: ಕ್ಯಾಸಿನೊದಲ್ಲಿ ಹೇಗೆ ಆಡಬೇಕು, ಯಾರು ಎಷ್ಟು ಹೊಡೆದರು. ಅವರಲ್ಲಿ ಒಬ್ಬರೂ ಅಲ್ಲಿಗೆ ಹೋದವರಲ್ಲ.

ದಂಡೆಯಿಂದ ಸಣ್ಣ ದೋಣಿಯಲ್ಲಿ ನಮ್ಮನ್ನು ಹಡಗಿಗೆ ದಾಟಿಸಿದರು. ಆಗಿನ್ನೂ ಮಧ್ಯಾಹ್ನ. ಒಳಗೆ ಹೋದ ಮೇಲೆ ಮಧ್ಯಾಹ್ನವೂ ಇಲ್ಲ, ಸಂಜೆಯೂ ಇಲ್ಲ. ಒಂದು ಕಿಟಕಿ ಇರಲಿಲ್ಲ, ಗೋಡೆಗೆ ಒಂದು ಗಡಿಯಾರ ಇರಲಿಲ್ಲ. ಊಟ ಪುಕ್ಕಟೆ, ಕುಡಿಯುವುದು ಪುಕ್ಕಟೆ. ಹಣ ಕೊಟ್ಟರೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಿದ್ದರು. ಕೈಯಲ್ಲಿ ಬಿಲ್ಲೆ ಹಿಡಿದವರಿಗೆ ಅದು ಹಣ ಎಂಬುದು ಮರೆತೇ ಹೋಗುತ್ತಿತ್ತು.

ಯಜಮಾನರು ಕೂತದ್ದು ಅಂದರ್-ಬಾಹರ್ ಟೇಬಲ್ಲಿಗೆ. ಅದು ಊರಲ್ಲಿ ನೋಡಿ ಗೊತ್ತಿದ್ದ ಆಟ. ನಡುವೆ ಒಂದು ಎಲೆ ತೆರೆದಿಟ್ಟು, ಒಂದೆಲೆ ಒಳಗೆ ಒಂದೆಲೆ ಹೊರಗೆ ಹಾಕುತ್ತ ಹೋಗುವುದು. ನಡುವಿನ ಎಲೆಯ ಜೋಡಿ ಯಾವ ಕಡೆ ಬೀಳುತ್ತದೋ ಆ ಕಡೆಗೆ ಕಟ್ಟಿದವರು ಗೆದ್ದಂತೆ. ನಾನು ಅವರ ಕುರ್ಚಿಯ ಹಿಂದೆ ನಿಂತೆ. ಎಲೆ ಹಂಚುವ ಹೆಂಗಸು ಕಪ್ಪು ಕೋಟು ತೊಟ್ಟು ಕೂದಲನ್ನು ಬಿಗಿದು ಕಟ್ಟಿದ್ದಳು. ಎದೆಯ ಮೇಲೆ ಯಾವುದೋ ಇಂಗ್ಲಿಷ್ ಹೆಸರಿನ ಪಟ್ಟಿ. ನಾನು ಮೊದಲು ನೋಡಿದ್ದು ಬೆರಳುಗಳನ್ನು. ಆಮೇಲೆ ಮುಖ.

ಅವಳೂ ನನ್ನನ್ನು ನೋಡಿದಳು, ಒಂದೇ ಕ್ಷಣ. ಮರುಕ್ಷಣ ಕಣ್ಣು ಎಲೆಗಳ ಮೇಲಿತ್ತು. ಅವಳ ತಲೆಯ ಮೇಲೆ ಛಾವಣಿಯಲ್ಲಿ ಕ್ಯಾಮೆರಾ, ಬೆನ್ನ ಹಿಂದೆ ಕೈಕಟ್ಟಿ ನಿಂತ ಸೂಪರ್‌ವೈಸರ್. ಯಜಮಾನರು ಅವಳನ್ನು ಪಂಚಮಿಯಲ್ಲಿ ಸೀರೆಯುಟ್ಟು ದೂರದಲ್ಲಿ ಹೋಗುವಾಗ ಕಂಡವರು ಅಷ್ಟೆ. ಅವರಿಗೆ ಗುರುತು ಹತ್ತಲಿಲ್ಲ. ನಾನು ‘ಅಕ್ಕಾ’ ಎನ್ನುವಂತಿರಲಿಲ್ಲ, ಹೋಗುವಂತಿರಲಿಲ್ಲ.

ಮೊದಮೊದಲು ಯಜಮಾನರು ಗೆದ್ದರು. ಬಿಲ್ಲೆಗಳು ಅವರ ಮುಂದೆ ಗುಡ್ಡೆಯಾದವು. ನಮ್ಮ ಬಸ್ಸಿನವರೆಲ್ಲ ಸುತ್ತ ಸೇರಿದರು. ‘ನಿಮ್ಮ ಕೈ ಭಾಳ ಚಲೋ ಐತಿರಿ’ ಎಂದು ನಂದಗಡದ ಅಂಗಡಿಯವರು ಬೆನ್ನು ತಟ್ಟಿದರು. ಆಮೇಲೆ ಗುಡ್ಡೆ ಕರಗತೊಡಗಿತು. ‘ಏಳ್ರಿ, ಸಾಕು’ ಎಂದೆ. ಅವರು ತಿರುಗಿಯೂ ನೋಡಲಿಲ್ಲ. ಮತ್ತೆ ಹೇಳಿದಾಗ, ಮದುವೆಯಾದಂದಿನಿಂದ ಕೇಳದಿದ್ದ ದನಿಯಲ್ಲಿ ‘ಸುಮ್ಮ ನಿಂದ್ರು’ ಎಂದರು. ದಂಡೆಗೆ ಹೋಗುವ ದೋಣಿ ಬಂತು, ಹೋಯಿತು. ನನ್ನ ಕೈಯಲ್ಲಿ ಬಿಡಿ ದುಡ್ಡೂ ಇರಲಿಲ್ಲ. ಅವರನ್ನು ಬಿಟ್ಟು ನಾನೊಬ್ಬಳೇ ದಂಡೆಗೆ ಇಳಿದು ಮಾಡುವುದಾದರೂ ಏನು...

ಕೊನೆಗೆ ಅವರೇ ಎದ್ದು ನನ್ನನ್ನು ಒಂದು ಕಂಬದ ಮರೆಗೆ ಕರೆದರು. ನನ್ನ ಮುಖ ನೋಡದೆ ಹೇಳಿದರು.

‘ಪಾಟ್ಲಿ ತಗದು ಕೊಡು. ದಂಡಿ ಮ್ಯಾಲೆ ಬಂಗಾರ ಇಟಗೊಳ್ಳೂ ಮಂದಿ ಅದಾರಂತ. ಊರಿಗೆ ಹೋಗೂದ್ರೊಳಗ ಬಿಡಿಸಿ ಕೊಡತೀನಿ.’

ಆ ಬಂಗಾರದ ಬಳೆಗಳು ಮೊದಲು ನನ್ನ ಅವ್ವನ ಕೈಯಲ್ಲಿದ್ದವು. ‘ತಡೀರಿ, ಸಾಬಾಣ ಹಚ್ಚಿ ತಗೀಬೇಕು’ ಎಂದು ಹೇಳಿ ಹೆಂಗಸರ ಬಚ್ಚಲಿಗೆ ಹೋದೆ. ಒಳಗೆ ಹೋಗಿ ನೀರು ಬಿಟ್ಟುಕೊಂಡು ನಿಂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದುಕೊಂಡು ಅಕ್ಕ ಬಂದಳು. ಅವಳಿಗೆ ಬಿಡುವು ಕೊಟ್ಟಿದ್ದರು. ಬೇರೆ ಯಾರೂ ಇಲ್ಲ ಎಂದು ನೋಡಿಕೊಂಡು, ನಲ್ಲಿಯ ಸದ್ದಿನಲ್ಲಿ ಮಾತಾಡಿದಳು.

‘ಪಾಟ್ಲಿ ಕೇಳಿದ್ರೇನು?’

‘ಹೂಂ. ನಿನಗ ಹೆಂಗ ಗೊತ್ತಾತು?’

‘ಟೇಬಲ್ ಬಿಟ್ಟು ಹೆಂಡತೀನ್ನ ಬಾಜೂಕ ಕರಕೊಂಡು ಹ್ವಾದ್ರ ಬಂಗಾರ ಕೇಳಾಕ. ಮೊದಲ ಗೆದ್ರಲ್ಲ, ಅಲ್ಲೇ ಕೆಟ್ಟಿತು. ಮೊದಲ ಸಲ ಬಂದವರು ಸೋತ್ರ ಮನಿ ಹಾದಿ ಹಿಡೀತಾರ. ಗೆದ್ದವರು ಏಳೂದಿಲ್ಲ.’

‘ಹೆಂಗ ಎಬ್ಬಸ್ಲಿ ಅಕ್ಕಾ?’

‘ಸಾಕು ಅನಬ್ಯಾಡ. ಸೋತವಗ ಸಾಕು ಅಂದ್ರ ಇನ್ನೂ ಗಟ್ಟಿ ಕುಂದರ್ತಾನ. ಅಳಬ್ಯಾಡ, ಮಂದಿ ಮುಂದ ಸಿಟ್ಟ ಮಾಡಬ್ಯಾಡ. ಎದಿ ಹಿಡದಂಗ ಆಗೈತಿ ಅನ್ನು, ಗಾಳಿಗೆ ಕರಕೊಂಡು ಹೋಗ್ರಿ ಅನ್ನು. ಮ್ಯಾಲೆ ಡೆಕ್ ಐತಿ. ಒಮ್ಮೆ ಹೊರಗಿನ ಬೆಳಕ ನೋಡಿದ್ರ ಎಷ್ಟೋ ಮಂದಿ ತಿರಗಿ ಒಳಗ ಬರೂದಿಲ್ಲ.’

ಪಾಟ್ಲಿಗಳನ್ನು ಕಳಚಿ ಅವಳ ಕೈಗೆ ಕೊಡಹೋದೆ. ಊರಿಗೆ ಬಂದಾಗ ತಾ, ಸದ್ಯ ನಿನ್ನಲ್ಲಿರಲಿ ಎಂದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

‘ನಾ ಮುಟ್ಟಾಂಗಿಲ್ಲ. ನೋಡು, ಈ ಅಂಗೀಗೆ ಕಿಸೇನ ಇಲ್ಲ. ಹೊಲದು ಬಿಟ್ಟಾರ.’ ಆಮೇಲೆ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತ, ‘ಅಪ್ಪಗ ಹೇಳಬ್ಯಾಡ’ ಎಂದಳು. ನಾನು ಅವಳ ಕೈ ಹಿಡಿದೆ. ಅದು ಬಹಳ ತಣ್ಣಗಿತ್ತು.

ಅವಳು ಹೇಳಿದಂತೆಯೇ ಮಾಡಿದೆ. ಯಜಮಾನರು ಗೊಣಗುತ್ತ ಡೆಕ್ಕಿಗೆ ಬಂದರು. ಹೊರಗೆ ಸಂಜೆಯಾಗಿತ್ತು. ಮಳೆಯಲ್ಲಿ ನದಿ ಕೆಂಪಗೆ ಹರಿಯುತ್ತಿತ್ತು. ‘ಇಷ್ಟ ಹೊತ್ತಾತೇನು?’ ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಮುಖದ ಮೇಲೆ ಮಳೆ ಬೀಳುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಇನ್ನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಜೇಬಿನೊಳಗೆ ಉಳಿದಿದ್ದ ಬಿಲ್ಲೆಗಳು ಅವರ ಕೈಗೆ ಸಿಕ್ಕವು. ‘ಇವಿಷ್ಟ ಆಡಿ ಬರತೀನಿ, ಹೆಂಗೂ ತಿರಗಿ ಕೊಡಬೇಕಲ್ಲ’ ಎಂದು ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ.

ಟೇಬಲ್ಲಿನಲ್ಲಿ ಮತ್ತೆ ಅಕ್ಕ ನಿಂತಿದ್ದಳು. ಇವರು ಕೂತರು. ಬಿಲ್ಲೆಗಳನ್ನು ಮುಂದೆ ತಳ್ಳಿ, ನನ್ನ ಕಡೆ ಕೈ ಚಾಚಿ, ಎಲ್ಲರೆದುರಿಗೇ ‘ಪಾಟ್ಲಿ ಎಲ್ಲಿ?’ ಎಂದರು. ನಮ್ಮ ಬಸ್ಸಿನವರು ನೆಲ ನೋಡತೊಡಗಿದರು. ಅಕ್ಕ ಎಲೆ ಹಾಕಬೇಕಿತ್ತು. ಹಾಕಲಿಲ್ಲ. ಕಟ್ಟನ್ನು ಟೇಬಲ್ಲಿನ ಮೇಲಿಟ್ಟು, ತಲೆಯೆತ್ತಿ ಇವರನ್ನು ನೋಡಿ, ನಮ್ಮ ಓಣಿಯ ಕನ್ನಡದಲ್ಲಿ, ಅವಸರವಿಲ್ಲದೆ ಹೇಳಿದಳು.

‘ಅಣ್ಣಾರ, ಮನಿಗೆ ನಡೀರಿ. ಆಕೀನ್ನ ಕರಕೊಂಡು ಮನಿಗೆ ನಡೀರಿ.’

ಇವರ ಕೈ ಗಾಳಿಯಲ್ಲೇ ನಿಂತಿತು. ಆಗ ಗುರುತು ಹತ್ತಿತು ಎಂದು ಕಾಣುತ್ತದೆ. ಮುಖ ಬಿಳಿಚಿತು. ಸೂಪರ್‌ವೈಸರ್ ಬಂದು ಅಕ್ಕನ ಭುಜ ಮುಟ್ಟಿದ. ಬೇರೆ ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ನಿಂತಳು. ಟೇಬಲ್ ಬಿಡುವ ಮೊದಲು ಅಕ್ಕ ಅಂಗೈಗಳನ್ನು ಒಮ್ಮೆ ತಟ್ಟಿ, ಕ್ಯಾಮೆರಾಕ್ಕೆ ಕಾಣುವಂತೆ ಅಂಗೈ ಹಿಂಗೈ ತಿರುಗಿಸಿ ತೋರಿಸಿದಳು. ಏನನ್ನೂ ಒಯ್ಯುತ್ತಿಲ್ಲ ಎಂದು ಅದರ ಅರ್ಥವಂತೆ. ಆಮೇಲೆ ಒಂದು ಬಾಗಿಲು ತೆರೆಯಿತು, ಅವಳು ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಯಜಮಾನರು ಎದ್ದರು. ಬಿಲ್ಲೆಗಳು ಅಲ್ಲೇ ಉಳಿದವು. ಘಾಟಿನುದ್ದಕ್ಕೂ ಅವರು ಒಂದು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಆದರೆ ಬಸ್ಸಿನ ತುಂಬ ನಮ್ಮ ಸುತ್ತಲಿನ ಊರಿನ ಜನರಿದ್ದರು, ಅವರೆಲ್ಲರಿಗೂ ಬಾಯಿಗಳಿದ್ದವು.

ಪಂಚಮಿಯ ಹೊತ್ತಿಗೆ ಅಕ್ಕ ದೊಡ್ಡ ಬ್ಯಾಗುಗಳೊಂದಿಗೆ ಬಂದಳು. ಆಟಗಾರರ ಜೊತೆ ಹಾಗೆ ಮಾತಾಡಿದ್ದಕ್ಕೆ ಕೆಲಸದಿಂದ ತೆಗೆದಿದ್ದರು. ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಅಪ್ಪ ಬೈಯಲಿಲ್ಲ. ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟರು, ಅಷ್ಟೆ. ಯಾರ ಕಾಯಕವನ್ನೂ ಆಮೇಲೆ ಕೇಳಲಿಲ್ಲ. ತಂದೆ ಮಗಳು ಅದೇ ಎರಡು ಕೋಣೆಗಳಲ್ಲಿ ಒಬ್ಬರಿಗೊಬ್ಬರು ಎದುರಾಗದಂತೆ ಓಡಾಡುತ್ತಿದ್ದರು. ನಾನು ತವರಿಗೆ ಹೋದಾಗ ಗೋಡೆಯಾಚೆಯಿಂದ ಪಾತ್ರೆಯ ಸದ್ದು ಮಾತ್ರ ಬರುತ್ತಿತ್ತು... ಮಾತು ಇರಲಿಲ್ಲ.

ಅಕ್ಕನಿಗೆ ಗೊತ್ತುಮಾಡಿದ್ದ ಗಂಡಿನ ಸಂಬಂಧ ಮುರಿಯಿತು. ಅಕ್ಕ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಹಾಗೆ ಮಾತು ನಿಲ್ಲಿಸುತ್ತಿದ್ದ ಗಂಡಸರೇ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಒಮ್ಮೆ ನಾನಿದ್ದಾಗಲೇ ಒಬ್ಬರು ಬಂದರು. ಮೊದಲ ಸಲ ಹೊರಟಿದ್ದೇವೆ, ಹೇಗೆ ಆಡಿದರೆ ಗೆಲ್ಲಬಹುದು ಎಂದು ದನಿ ತಗ್ಗಿಸಿ ಕೇಳಿದರು.

‘ಹೋಗಬ್ಯಾಡ್ರಿ ಮಾಮಾ’ ಎಂದಳು.

‘ಹಂಗಲ್ಲ. ಒಳಗಿನ ಮಾತು ಏನರ ಇರತೈತಲ್ಲ?’

‘ಗೆಲ್ಲೂದು ಗೊತ್ತಿದ್ರ ನಾ ಯಾಕ ಅಲ್ಲಿ ಪಗಾರಕ್ಕ ನಿಂದರತಿದ್ನಿರಿ? ಹೋಗೂದ ಆದ್ರ ಉಂಡು ಹೋಗ್ರಿ, ಕುಡೀಬ್ಯಾಡ್ರಿ. ಕಳಕೊಂಡ್ರ ನಗಾಕ ಬರೂವಷ್ಟ ಒಯ್ರಿ. ಕೈಗೆ ಗಡಿಯಾರ ಕಟಗೊಂಡು ಹೋಗ್ರಿ. ಹೋದದ್ದನ್ನ ತಿರಗಿ ತರತೀನಿ ಅಂತ ಮನಸಿಗೆ ಬಂತಂದ್ರ, ಆ ಗಳಿಗಿಗೆ ಏಳ್ರಿ.’

ಅವರು ನಕ್ಕು ಹೋದರು. ಅಕ್ಕ ಗುಟ್ಟು ಬಿಟ್ಟುಕೊಡಲಿಲ್ಲ ಎಂದು ಊರಲ್ಲಿ ಹೇಳಿಕೊಂಡರಂತೆ. ಅವರು ಹೋದ ಮೇಲೆ ಅಕ್ಕ ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಳು. ಮೊರ ಕೆಳಗಿಟ್ಟು ಏಳುವಾಗ ಅವಳ ಕೈಗಳು ತಾವೇ ಒಮ್ಮೆ ತಟ್ಟಿಕೊಂಡು, ಮಗುಚಿ, ಖಾಲಿ ಅಂಗೈ ತೋರಿಸಿದವು. ನಾನು ನೋಡಿದೆ ಎಂದು ಅವಳಿಗೆ ಗೊತ್ತಾಯಿತು. ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

‘ನಮ್ಮಿಂದ ನಿನಗ ಹಿಂಗಾತಲ್ಲ ಅಕ್ಕಾ’ ಎಂದೆ.

‘ಅಲ್ಲಿ ನಿಂತು ಎಷ್ಟೋ ಹೆಣಮಕ್ಕಳ ಕೈ ಬರಿದಾಗೂದು ನೋಡೀನಿ. ಬಾಯಿ ತಗಿಯಾಂಗಿರಲಿಲ್ಲ. ಆವತ್ತೊಂದ ದಿನ ತಗದೆ’ ಎಂದಳು. ಮೊರ ಎತ್ತಿಕೊಂಡು, ‘ಇಲ್ಲಿ ಕುಂತರೂ ತಗಿಯಾಂಗಿಲ್ಲ’ ಎಂದು ಒಳಗೆ ಹೋದಳು.

ಶ್ರಾವಣ ಮುಗಿಯುವುದರೊಳಗೆ ಅವಳು ಹೊರಟಳು. ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ ಆಗಿತ್ತು. ಗೋವಾದಲ್ಲಿ ಅವಳನ್ನು ಇನ್ನು ಯಾರೂ ಇಟ್ಟುಕೊಳ್ಳುವಂತಿರಲಿಲ್ಲ. ಕಾಠ್ಮಂಡುವಿನ ಕ್ಯಾಸಿನೊದಲ್ಲಿ ಗೆಳತಿಯೊಬ್ಬಳಿದ್ದಳಂತೆ. ಖಾನಾಪುರದ ಸ್ಟೇಷನ್ನಿಗೆ ನಾನೊಬ್ಬಳೇ ಹೋಗಿದ್ದೆ. ಅವಳ ತಮ್ಮ ಪರೀಕ್ಷೆಯಿದೆಯೆಂದು ಬಂದಿರಲಿಲ್ಲ. ಅಪ್ಪ ಬರಲಿಲ್ಲ. ರೈಲು ಬಿಡುವವರೆಗೂ ನಾವು ಮಳೆಯ ಮಾತು, ಹುರುಳಿಯ ಮಾತು ಆಡಿದೆವು. ಕೆಲವು ವರ್ಷ ಪಂಚಮಿಗೆ ಫೋನು ಬರುತ್ತಿತ್ತು. ‘ಉಂಡಿ ಮಾಡಿಯೇನು?’ ಎಂದು ಕೇಳುತ್ತಿದ್ದಳು. ಅವಳ ಅಪ್ಪ ತೀರಿಕೊಂಡಾಗ ನಾನೇ ತಿಳಿಸಿದೆ. ಆಮೇಲೊಂದು ವರ್ಷ ಆ ನಂಬರಿನಲ್ಲಿ ಯಾರೋ ಬೇರೆ ಭಾಷೆಯಲ್ಲಿ ಮಾತಾಡಿದರು. ನಾವು ಅಂಗಡಿಯನ್ನು ಬೆಳಗಾವಿಗೆ ತಂದೆವು. ಯಜಮಾನರು ಮತ್ತೆಂದೂ ಎಲೆ ಮುಟ್ಟಲಿಲ್ಲ. ಅವಳ ವಿಷಯವನ್ನೂ ಎತ್ತಲಿಲ್ಲ.

ಮೊನ್ನೆಯ ಮದುವೆಯಲ್ಲಿ ಊಟದ ಸಾಲಿನ ಹತ್ತಿರ ಅವಳ ತಮ್ಮ ಸಿಕ್ಕ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ‘ಅಕ್ಕ ಎಲ್ಲಿ ಅದಾಳೋ?’ ಎಂದೆ. ಅವನು ತಟ್ಟೆಯನ್ನು ಪಕ್ಕಕ್ಕಿಟ್ಟ.

‘ಹ್ವಾದ ಮಳಿಗಾಲದಾಗ ಹೋದಳ್ರಿ. ಜ್ವರ ಬಂದಿತ್ತಂತ. ಕ್ಯಾಸಿನೊ ಕಂಪನಿಯವರು ಫೋನ್ ಮಾಡಿದ್ರು. ನಾ ಮುಟ್ಟೂದ್ರಾಗ ಎಲ್ಲಾ ಮುಗಿಸಿದ್ರು. ನಮ್ಮಲ್ಲಿ ಮಣ್ಣು ಕೊಡತಾರ ಅಂತ ಅವರಿಗೇನ ಗೊತ್ತರಿ... ಸುಟ್ಟಿದ್ರು.’

‘ನನಗ್ಯಾಕ ಹೇಳಲಿಲ್ಲೋ?’

‘ಯಾರಿಗಂತ ಹೇಳೂದ್ರಿ. ಊರಾಗ ಆಕಿ ಹೆಸರು ಎತ್ತೂದು ಬಿಟ್ಟ ಎಷ್ಟೋ ವರ್ಷ ಆಗಿತ್ತು.’

ಇನ್ನೂ ಏನೋ ಕೇಳಬೇಕಿತ್ತು. ಕೊನೆಯಲ್ಲಿ ಹತ್ತಿರ ಯಾರಿದ್ದರು, ಏನಾದರೂ ಅಂದಳೇ... ಅಷ್ಟರಲ್ಲಿ ಹುಡುಗಿಯ ತಾಯಿ ಬಂದು ನನ್ನ ತೋಳು ಹಿಡಿದು ವೇದಿಕೆಯ ಮೇಲೆ ಎಳೆದೊಯ್ದರು. ಎರಡೂ ಕಡೆ ಜನ, ಹಿಂದೆ ಹೂವಿನ ಗೋಡೆ, ಮುಂದೆ ಕಣ್ಣು ಕುಕ್ಕುವ ದೀಪ. ಇಳಿಯಲು ದಾರಿ ಇರಲಿಲ್ಲ. ‘ನಗ್ರಿ ಅಕ್ಕಾರ’ ಎಂದ ಫೋಟೋದವನು.

ಆ ಫೋಟೋ ನಿನ್ನೆ ಬಂದಿದೆ. ಅದರಲ್ಲಿ ನಾನು ನಗುತ್ತಿದ್ದೇನೆ.