ಹುಲ್ಲು ಕೊಯ್ಯುವ ಗಾಡಿಗೆ ಹಲ್ಲು ಕೂರಿಸಿದ್ದು

ಮೊದಲ ಏಟಿಗೆ ರಿವೆಟ್ಟು ತುಂಡಾಗಲಿಲ್ಲ. ಎರಡನೆಯದಕ್ಕೂ ಇಲ್ಲ.

"ಯಾರನ್ನಾದರೂ ಬೈದುಕೊಂಡು ಹೊಡಿ," ಅಂದರು ಅಜ್ಜ.

ಬೈಯೋದು ನನಗೆ ಬರಲ್ಲ. ಆಂಜನೇಯನನ್ನು ನೆನೆದು ಹೊಡೆದೆ. ಟಣ್ ಅಂತ ಹಲ್ಲು ಕಿತ್ತು ಕೆಳಗೆ ಬಿತ್ತು.

ಸ್ಯಾನ್ ರಮೋನ್‌ನ ನಮ್ಮ ಮನೆಯಿಂದ 680 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಅರ್ಧ ಗಂಟೆ ಹೋದರೆ ಒಂದು ಹಳೇ ಫಾರ್ಮಿದೆ. ಹಿಂದಿನವರು ಹೇಗೆ ಬೇಸಾಯ ಮಾಡುತ್ತಿದ್ದರು ಅಂತ ಶಾಲೆ ಮಕ್ಕಳಿಗೆ ತೋರಿಸೋಕೆ ಉಳಿಸಿಕೊಂಡಿರುವ ಜಾಗ. ಮಗಳ ಕ್ಲಾಸಿನ ಜೊತೆ ಒಂದು ದಿನ ಮಕ್ಕಳನ್ನು ಕಾಯೋಕೆ ಅಂತ ಹೋದವಳು ನಾನು. ಅಲ್ಲಿನ ಎರಡು ಕಂದು ಹೆಣ್ಣು ಕುದುರೆಗಳನ್ನು ನೋಡಿ ಮುಂದಿನ ಶನಿವಾರ ಮತ್ತೆ ಹೋದೆ, ಆಮೇಲೆ ಬಿಡಲೇ ಇಲ್ಲ. ಅವನ್ನು ನೋಡಿಕೊಳ್ಳುವವರು ಎಂಬತ್ತು ದಾಟಿದ ಒಬ್ಬರು ಅಮೆರಿಕನ್. ನಾನು ಅವರನ್ನು ಅಜ್ಜ ಅಂತಲೇ ಕರೆಯೋದು. ಅದರ ಅರ್ಥ ಏನು ಅಂತ ಅವರು ಕೇಳಿದ್ದು ಒಂದು ವರ್ಷ ಆದಮೇಲೆ.

ಹುಲ್ಲು ಕೊಯ್ಯುವ ಗಾಡಿ ಅಜ್ಜನಿಗಿಂತ ಹಳೇದು. ಕುದುರೆ ಎಳೆದರೆ ಚಕ್ರ ತಿರುಗುತ್ತೆ, ಚಕ್ರ ತಿರುಗಿದರೆ ಪಕ್ಕದಲ್ಲಿ ನೆಲಕ್ಕೆ ಒರಗಿಕೊಂಡ ಐದಡಿ ಉದ್ದದ ಪಟ್ಟಿ ಅತ್ತಿತ್ತ ಓಡಾಡುತ್ತೆ. ಆ ಪಟ್ಟಿಗೆ ಮೂರು ಮೂಲೆಯ ಇಪ್ಪತ್ತು ಹಲ್ಲು, ಮೊಸಳೆ ಬಾಯಿಯ ಹಾಗೆ. ಪಟ್ಟಿ ಓಡಾಡುವುದು ಕಬ್ಬಿಣದ ಬೆರಳುಗಳ ಸಾಲಿನೊಳಗೆ. ಒಂದೊಂದು ಬೆರಳಿನೊಳಗೂ ಒಂದೊಂದು ಚಿಕ್ಕ ತಗಡು ಕೂತಿರುತ್ತೆ. ಹಲ್ಲು ಈ ತಗಡನ್ನು ಉಜ್ಜಿಕೊಂಡು ಹೋಗುವಾಗ ಹುಲ್ಲು ತುಂಡಾಗಬೇಕು.

ಹೋದ ವರ್ಷ ತುಂಡಾಗಲಿಲ್ಲ. ಹಲ್ಲು ಸವೆದು ಮೊಂಡಾಗಿದ್ದವು. ಕುದುರೆಗಳು ಎಳೆದೂ ಎಳೆದೂ ಎಡಗಡೆಯವಳ ಹೆಗಲಿನ ಚರ್ಮ ಕಿತ್ತುಬಂತು. ಫಾರ್ಮಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸೇ, ಆದರೆ ಮಾತು ಖಡಕ್ಕು. "ಈ ಮೇ ತಿಂಗಳು ಕೆಳಗಿನ ಹೊಲವನ್ನು ಕುದುರೆಗೆ ನೋವಾಗದ ಹಾಗೆ ಕೊಯ್ದು ತೋರಿಸಿ. ಆಗದಿದ್ದರೆ ಟ್ರ್ಯಾಕ್ಟರು ತರಿಸ್ತೀನಿ, ಕುದುರೆಗಳನ್ನು ಬೇರೆ ಯಾರಿಗಾದರೂ ಕೊಟ್ಟುಬಿಡ್ತೀನಿ," ಅಂದರು. ಅಜ್ಜನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಬೆಳಿಗ್ಗೆ ಏಳೋದೇ ಆ ಕುದುರೆಗಳಿಗೆ ಮೇವು ಹಾಕೋಕೆ. ಅವರ ಬಲಭುಜಕ್ಕೆ ಆಪರೇಷನ್ನು ಆಗಿತ್ತು. ಲಗಾಮು ಹಿಡಿಯಬಲ್ಲರು, ಸುತ್ತಿಗೆ ಎತ್ತಲಾರರು. ಹಾಗಾಗಿ ಸುತ್ತಿಗೆ ನಾನು ಎತ್ತಿದೆ.

"ಮನೇಲಿ ಮಿಕ್ಸಿ ಕೆಟ್ಟು ಎರಡು ತಿಂಗಳಾಯ್ತು, ಇವಳು ಹೋಗಿ ಗಾಡಿ ರಿಪೇರಿ ಮಾಡ್ತಾಳೆ," ಅಂತ ನಮ್ಮ ಯಜಮಾನರು ರೇಗಿಸಿದರು.

"ಮಿಕ್ಸಿ ಎಳೆಯೋಕೆ ಕುದುರೆ ಬೇಡವಲ್ಲ ರೀ," ಅಂದೆ.

ಹಲ್ಲನ್ನು ಮೇಜಿಗೆ ಬಿಗಿದ ವೈಸಿನ ಇಕ್ಕಳದ ಬಾಯೊಳಗೆ ಇಳಿಬಿಟ್ಟು, ಪಟ್ಟಿಯನ್ನು ಅದರ ಅಂಚಿನ ಮೇಲೆ ಕೂರಿಸಿ, ಹಲ್ಲಿನ ಬೆನ್ನಿಗೆ ಹೊಡೆದರೆ ಅದನ್ನು ಪಟ್ಟಿಗೆ ಹಿಡಿದಿರುವ ಎರಡೂ ರಿವೆಟ್ಟು ಒಟ್ಟಿಗೆ ತುಂಡಾಗುತ್ತವೆ. ಆಮೇಲೆ ಹೊಸ ಹಲ್ಲು, ಹೊಸ ರಿವೆಟ್ಟು. ಹೊಸದನ್ನು ಜೋರಾಗಿ ಹೊಡೆಯುವ ಹಾಗಿಲ್ಲ. ಹೋಳಿಗೆ ತಟ್ಟಿದ ಹಾಗೆ ಸುತ್ತಲೂ ಹಗುರವಾಗಿ ತಟ್ಟಿ ತಲೆ ಅರಳಿಸಬೇಕು. ಅದು ನನ್ನ ಕೈಗೆ ಬೇಗ ಹತ್ತಿತು. ದೇವರ ದಯೆ, ಇಪ್ಪತ್ತರಲ್ಲಿ ಒಂದೂ ವಾರೆಯಾಗಲಿಲ್ಲ.

ತಪ್ಪು ಮಾಡಿದ್ದು ತಗಡಿನ ವಿಷಯದಲ್ಲಿ. ಹಲ್ಲು ತರಿಸುವಾಗಲೇ ಬೆರಳಿನೊಳಗಿನ ತಗಡುಗಳನ್ನೂ ತರಿಸೋಣ ಅಂತ ಅಜ್ಜ ಹೇಳಿದ್ದರು. ನಾನು ಬೇಡ ಅಂದೆ. ಮೊಸರಿನ ಡಬ್ಬಿ ತೊಳೆದು ಬೇಳೆ ತುಂಬಿಡುವ ಜಾತಿ ನಮ್ಮದು. "ಓಡಾಡೋದು ಹಲ್ಲು, ಸವೆಯೋದೂ ಹಲ್ಲೇ. ತಗಡು ಪಾಪ ಕೂತಲ್ಲೇ ಕೂತಿದೆ. ಗಟ್ಟಿಮುಟ್ಟಾಗಿರೋದನ್ನ ಯಾಕೆ ಬಿಸಾಕೋದು?" ಅಂತ ಅವರಿಗೇ ಪಾಠ ಹೇಳಿದೆ. ಅವರು ನನ್ನ ಮುಖ ನೋಡಿ, ಆರ್ಡರಿನ ಚೀಟಿ ಎತ್ತಿಕೊಂಡು ಒಳಗೆ ಹೋದರು.

ಏಪ್ರಿಲ್ ಕೊನೆಯಲ್ಲಿ ಬೇಲಿ ಪಕ್ಕ ಒಂದು ಸಾಲು ಕೊಯ್ದು ನೋಡಿದೆವು. ಹತ್ತು ಹೆಜ್ಜೆ ಹೋಗಿರಬೇಕು. ಹುಲ್ಲು ತುಂಡಾಗದೆ ಮಡಚಿಕೊಂಡು ಹಲ್ಲಿನ ಸಂದಿಗೆ ಸಿಕ್ಕಿಬಿತ್ತು. ಎಡಗಡೆಯವಳು ನಿಂತೇಬಿಟ್ಟಳು, ಕಿವಿ ಹಿಂದಕ್ಕೆ ಮಾಡಿ. ಮೇಲ್ವಿಚಾರಕಿ ಬೇಲಿ ಆಚೆಯಿಂದ ನೋಡಿ, "ಇನ್ನು ಎರಡು ವಾರ," ಅಂತಷ್ಟೇ ಹೇಳಿ ಹೋದರು. ಅಜ್ಜ ಗಾಡಿಯಿಂದ ಇಳಿದರು. ಕುದುರೆ ಬಿಚ್ಚಿ, ಹೆಗಲು ಒರೆಸಿ, ಒಳಗೆ ಕರೆದುಕೊಂಡು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಭಾನುವಾರ. ಪೂಜೆ ಮುಗಿಸಿ ಗೋರಿಕಾಯಿ ಹೆಚ್ಚೋಕೆ ಈಳಿಗೆಮಣೆ ಹಾಕಿಕೊಂಡು ಕೂತೆ. ಹಾಸನದಿಂದ ಸೂಟ್‌ಕೇಸಿನಲ್ಲಿ ಬಂದ ಮಣೆ. ಗೋರಿಕಾಯಿ ತುಂಡಾಗದೆ ನಾರು ನಾರಾಗಿ ಜಗ್ಗಿತು. ಸಾಣೆ ಹಿಡಿದು ತಿಂಗಳುಗಟ್ಟಲೆ ಆಗಿತ್ತು, ಮೊಂಡಾಗಿದೆ ಅಂತ ಗೊಣಗಿದೆ. ಗೊಣಗಿದವಳು ಹಾಗೇ ಕೂತೆ. ಈ ಮಣೆಯಲ್ಲಿ ಓಡಾಡೋದು ನನ್ನ ಕೈ, ಕಾಯಿ. ಅಲಗು ಕೂತಲ್ಲೇ ಕೂತಿರುತ್ತೆ. ಇಪ್ಪತ್ತು ವರ್ಷದಿಂದ ಕೂತಲ್ಲೇ ಸವೆಯುತ್ತಿರುವ ಅಲಗಿನ ಮುಂದೆ ದಿನಾ ಕೂತು, ಕೂತಿರೋದು ಸವೆಯಲ್ಲ ಅಂತ ಆ ಮುದುಕರಿಗೆ ಹೇಳಿದ್ದೆನಲ್ಲ!

ತಕ್ಷಣ ಅಜ್ಜನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಚರ್ಚಿನಿಂದ ಬಂದಮೇಲೆ ಅವರೇ ವಾಪಸ್ ಮಾಡಿದರು.

"ತಗಡು ಬದಲಾಯಿಸಬೇಕು, ಅಜ್ಜ."

"ಹೇಳಿದ್ದೆ."

"ಹೇಳಿದ್ದಿರಿ. ತಪ್ಪು ನಂದು."

"ತರಿಸಿಬಿಟ್ಟಿದ್ದೀನಿ, ಆವತ್ತೇ," ಅಂದರು. "ನೀನಾಗಿ ಕೇಳ್ತೀಯೇನೋ ಅಂತ ಕಾದೆ."

ಸಿಟ್ಟು ಬಂತು, ನಗುವೂ ಬಂತು. ತಗಡುಗಳು ಬರೋವರೆಗೆ ಕಾಯುವ ಒಂದು ವಾರ ಉಳಿಯಿತಲ್ಲ, ಅದೂ ಆ ಆಂಜನೇಯನ ಉಪಕಾರ ಅಂದುಕೊಂಡೆ. ಮಗಳನ್ನು ಶಾಲೆಗೆ ಬಿಟ್ಟು ನೇರ ಫಾರ್ಮಿಗೆ, ಶಾಲೆ ಬಿಡುವ ಹೊತ್ತಿಗೆ ವಾಪಸ್. ಒಂದೊಂದೇ ಬೆರಳು ಬಿಚ್ಚಿ, ಹಳೇ ತಗಡಿನ ರಿವೆಟ್ಟು ತಟ್ಟಿ ಹೊರಗೆ ಹಾಕಿ, ಹೊಸದು ಕೂರಿಸಿ, ತಿರುಗಿ ಬಿಗಿ ಮಾಡೋದು. ಹಳೇದನ್ನು ಹೆಬ್ಬೆರಳಲ್ಲಿ ಸವರಿ ನೋಡಿದೆ. ಅಂಚು ಚಮಚದ ಹಾಗೆ ದುಂಡಗಾಗಿತ್ತು. ಗುರುವಾರ ಉಪವಾಸ, ಅವತ್ತು ಬರೀ ಮೂರು ಬೆರಳು ಆದವು, ಶುಕ್ರವಾರ ಏಳು. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದನ್ನು ನೋಡಿ ಮಗಳು, "ಅಮ್ಮಾ, ಜಸ್ಟ್ ವೇರ್ ಗ್ಲವ್ಸ್!" ಅಂದಳು. ಗ್ಲವ್ಸು ಹಾಕಿದರೆ ರಿವೆಟ್ಟು ಕೂತಿದ್ದು ಕೈಗೆ ಗೊತ್ತಾಗಲ್ಲ ಅಂತ ಅವಳಿಗೆ ಹೇಗೆ ಹೇಳೋದು?

ಕೊಯ್ಯುವ ಶನಿವಾರ ಮಂಜು ಬೇಗ ಕರಗಿತು. ಗಾಡಿಗೆ ಕುಂಕುಮ ಇಟ್ಟೆ. "ಒಣಗಿದ್ದು ತಾನೆ? ತೇವ ಆದರೆ ತುಕ್ಕು," ಅಂದರು ಅಜ್ಜ. ಯಜಮಾನರೂ ಬಂದಿದ್ದರು, ಬೇಲಿ ಹತ್ತಿರ ಮೇಲ್ವಿಚಾರಕಿಯ ಪಕ್ಕ ನಿಂತಿದ್ದರು. ಅಜ್ಜ ಲಗಾಮು ಅಲ್ಲಾಡಿಸಿದರು. ಹತ್ತು ಹೆಜ್ಜೆ ಆಯಿತು. ಇಪ್ಪತ್ತು. ಎದೆಮಟ್ಟ ಬೆಳೆದ ಓಟ್ಸ್ ಹುಲ್ಲು ಹಿಂದೆ ಹಾಸಿಗೆಯ ಹಾಗೆ ಮಲಗುತ್ತಾ ಹೋಯಿತು. ಕುದುರೆಗಳು ವಾಕಿಂಗಿಗೆ ಬಂದವರ ಹಾಗೆ ನಡೆದವು.

ಅರ್ಧ ಹೊಲ ಆದಾಗ ಖಣ್ ಅಂತು. ಹೆಗ್ಗಣ ತೋಡಿ ಹಾಕಿದ ಮಣ್ಣುಗುಡ್ಡೆಯಲ್ಲಿ ಒಂದು ಕಲ್ಲು. ಒಂದು ಹಲ್ಲು ಮುರಿದಿತ್ತು. ಅಜ್ಜ ಲಗಾಮು ಜಗ್ಗಿ ಕುದುರೆ ನಿಲ್ಲಿಸಿದರು.

"ಇಳೀರಿ. ಮೊದಲು ಕುದುರೆ ಬಿಚ್ಚಿ," ಅಂದೆ. ಅವು ಒಂದು ಹೆಜ್ಜೆ ಇಟ್ಟರೂ ನನ್ನ ಬೆರಳು ಹೋಗುತ್ತೆ. ಪಟ್ಟಿಯನ್ನು ಹೊರಗೆಳೆದು, ಗಾಡಿಯಲ್ಲಿ ತಂದಿದ್ದ ಕಬ್ಬಿಣದ ದಿಮ್ಮಿಯ ಮೇಲೆ ಇಟ್ಟೆ. "ರೀ, ಬಂದು ಹಿಡ್ಕೊಳ್ಳಿ!" ಯಜಮಾನರು ಆಫೀಸಿನ ಬೂಟಿನಲ್ಲೇ ಓಡಿಬಂದು ಮಂಡಿಯೂರಿದರು.

"ನನ್ನ ಕೈ ಮೇಲೆ ಹೊಡೀಬೇಡ ಕಣೇ."

"ಅಲ್ಲಾಡಿಸದಿದ್ದರೆ ಹೊಡೆಯಲ್ಲ."

ಮೂರು ಏಟಿಗೆ ಹಳೇದು ಬಿತ್ತು. ಉಳಿದಿದ್ದ ಹೊಸದೊಂದನ್ನು ತಟ್ಟಿ ಕೂರಿಸಿ, ಪಟ್ಟಿಯನ್ನು ಮತ್ತೆ ಬೆರಳುಗಳೊಳಗೆ ತೂರಿಸಿ, ಒಂದು ಹುಲ್ಲಿನ ಕಡ್ಡಿ ಇಟ್ಟು ಮರದ ತುಂಡಿನಿಂದ ತಳ್ಳಿ ನೋಡಿದೆ. ಕಡ್ಡಿ ಚಕ್ ಅಂತ ತುಂಡಾಯಿತು. ಕುದುರೆ ಕಟ್ಟಿ ಉಳಿದ ಅರ್ಧವನ್ನೂ ಊಟದ ಹೊತ್ತಿಗೆ ಮುಗಿಸಿದೆವು.

ಮೇಲ್ವಿಚಾರಕಿ ಬಂದು ಎಡಗಡೆಯವಳ ಹೆಗಲಪಟ್ಟಿಯೊಳಗೆ ಅಂಗೈ ತೂರಿಸಿದರು. ಸವರಿದರು. ಹೊರಗೆ ತೆಗೆದು ನೋಡಿಕೊಂಡರು. ಬೆವರಿತ್ತು, ರಕ್ತ ಇರಲಿಲ್ಲ.

"ಮೇಲಿನ ಹೊಲ ಯಾವಾಗ ಕೊಯ್ತೀರಿ?" ಅಂದರು.

ಅಜ್ಜ ಕುದುರೆಯ ಕತ್ತು ತಟ್ಟುತ್ತಾ ನಿಂತು, ಆಮೇಲೆ "ಮಂಗಳವಾರ," ಅಂದರು.

ಮಂಗಳವಾರ ನಾನು ಹೊಸ ಕೆಲಸ ಶುರು ಮಾಡಲ್ಲ.

"ಬುಧವಾರ," ಅಂದೆ.

ಅಜ್ಜ ತಕರಾರು ಮಾಡಲಿಲ್ಲ.